ಅಂಗಿ ಅದೇ, ಮುಖ ಬೇರೆ

ಹೋದ ತಿಂಗಳು ಒಂದು ರಾತ್ರಿ ಮುನಿರಾಬಾದಿನಿಂದ ಅಕ್ಕ ಫೋನ್ ಮಾಡಿದಳು. ಊಟ ಆಯ್ತಾ ಅಂತ ಕೂಡ ಕೇಳಲಿಲ್ಲ. "ಆ ಮೆಟ್ರೋ ಕಾರ್ಡು ಈಗ ಯಾರ ಕಡೆ ಐತಿ?" ಅಂದಳು.

ನಮ್ಮ ಮನೆಯಲ್ಲಿ ಇದು ಆಗಾಗ ಬರುವ ಪ್ರಶ್ನೆ. ಕೊಪ್ಪಳದ ನಮ್ಮ ಮನೆಯ ಷೋಕೇಸಿನ ಕೆಳಗಿನ ಖಾನೆಯಲ್ಲಿ ಒಂದು ಹಳೆಯ ಬಿಸ್ಕೆಟ್ ಡಬ್ಬಿ ಇದೆ. ರೇಷನ್ ಕಾರ್ಡಿನ ಜೆರಾಕ್ಸ್, ಗ್ಯಾಸಿನ ಪುಸ್ತಕ, ಅರ್ಧ ಮುಗಿದ ಗುಳಿಗೆ ಚೀಟಿ, ಇವುಗಳ ಜೊತೆ ಬೆಂಗಳೂರಿನ ನಮ್ಮ ಮೆಟ್ರೋದ ಒಂದು ಸ್ಮಾರ್ಟ್ ಕಾರ್ಡ್ ಅದರಲ್ಲಿ ಇರುತ್ತದೆ. ಕೊಪ್ಪಳದಲ್ಲಿ ಮೆಟ್ರೋ ಎಲ್ಲಿದೆ ಅಂತ ಕೇಳಬಹುದು. ಇಲ್ಲ, ನಿಜ. ಆದರೆ ವರ್ಷಕ್ಕೆ ಎರಡು ಸಲವಾದರೂ ಬೆಂಗಳೂರಿಗೆ ಹೋಗದ ಮನೆ ನಮ್ಮ ಓಣಿಯಲ್ಲಿ ಸಿಗುವುದಿಲ್ಲ. ಇಂಟರ್‌ವ್ಯೂ, ಆಸ್ಪತ್ರೆ, ಬಾಣಂತನ, ಏನೋ ಒಂದು ಇದ್ದೇ ಇರುತ್ತದೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿ ಇಳಿಯುತ್ತೇವೆ. ಇಳಿದ ಕೂಡಲೇ ಈ ಕಾರ್ಡ್ ಬೇಕಾಗುತ್ತದೆ.

ಅದನ್ನು ಮಾಡಿಸಿದ್ದು ನಾನು, 2019ರಲ್ಲಿ. ತರಬೇತಿಗೆ ಅಂತ ಹತ್ತು ದಿನ ಬೆಂಗಳೂರಿನಲ್ಲಿ ಇದ್ದೆ. ವಾಪಸ್ ಬರುವಾಗ ಅದರಲ್ಲಿ ಇನ್ನೂ ದುಡ್ಡು ಉಳಿದಿತ್ತು. ಮುಂದಿನ ತಿಂಗಳು ತಮ್ಮ ಇಂಟರ್‌ವ್ಯೂಗೆ ಹೊರಟ, ಅವನ ಕೈಗೆ ಕೊಟ್ಟೆ. ಆಮೇಲೆ ನಮ್ಮ ಮನೆಯವರು ಒಯ್ದರು. ಮೇಲಿನ ಮನೆಯ ಅಂಕಲ್ ಮಗಳನ್ನು ಹಾಸ್ಟೆಲ್‌ಗೆ ಬಿಡಲು ಹೋಗುವಾಗ ಕೇಳಿ ಪಡೆದರು. ಹಾಗೆ ಅದು ಓಣಿಯ ಕಾರ್ಡ್ ಆಯಿತು. ಒಯ್ದವರು ತಾವು ಖರ್ಚು ಮಾಡಿದಷ್ಟು ಹಾಕಿಸಿ ತರುತ್ತಾರೆ. ಕೆಲವರು ಹತ್ತಿಪ್ಪತ್ತು ಜಾಸ್ತಿಯೇ ಹಾಕಿಸಿರುತ್ತಾರೆ.

ಇದು ಉಳಿತಾಯದ ಲೆಕ್ಕ ಅಂತ ಯಾರೂ ತಿಳಿಯಬೇಡಿ. ಟೋಕನ್‌ಗಿಂತ ಕಾರ್ಡಿಗೆ ಶೇಕಡಾ 5 ಕಡಿಮೆ. ಮೂವತ್ತು ರೂಪಾಯಿಯ ದಾರಿಗೆ ಒಂದೂವರೆ ರೂಪಾಯಿ ಉಳಿಯುತ್ತದೆ, ಅಷ್ಟೇ. ನಿಜವಾದ ಅನುಕೂಲ ಬೇರೆ ಇದೆ. ಊರಿಂದ ಹೋದವರಿಗೆ ಆ ಕೌಂಟರ್ ಮುಂದೆ ನಿಲ್ಲುವುದೇ ಒಂದು ಕಷ್ಟ. ಹಿಂದೆ ಜನ ಒತ್ತುತ್ತಿರುತ್ತಾರೆ. ಯಾವ ಸ್ಟೇಷನ್ ಅಂತ ಹೇಳಬೇಕು, ಚಿಲ್ಲರೆ ಕೊಡಬೇಕು. ಕಾರ್ಡ್ ಕೈಯಲ್ಲಿದ್ದರೆ ಯಾರಿಗೂ ಏನೂ ಹೇಳಬೇಕಿಲ್ಲ. ಮುಟ್ಟಿಸಿ ಒಳಗೆ ಹೋಗುವುದು, ಮುಟ್ಟಿಸಿ ಹೊರಗೆ ಬರುವುದು.

ಈ ಕಾರ್ಡ್ ಯಾರ ಕೈಗೆ ಕೊಡುವಾಗಲೂ ನನಗೆ ಇನ್ನೊಂದು ಪಾಸು ನೆನಪಾಗುತ್ತದೆ. ಆ ಕಥೆಯನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ಬರೆಯಲಾ ಅಂತ ಅಕ್ಕನನ್ನು ಕೇಳಿದೆ. "ಬರಿ. ಆಗಿದ್ದು ಆಗಿದ್ದಂಗ ಬರಿ" ಅಂದಳು.

ಅದು 2007. ನಾವು ಆಗ ಹುಲಿಗಿಯಲ್ಲಿ ಇದ್ದೆವು. ಹುಲಿಗೆಮ್ಮನ ಗುಡಿಗೆ ಹೋಗುವ ದಾರಿಯಲ್ಲಿ ಅಪ್ಪನದು ಕಾಯಿ, ಕರ್ಪೂರ, ಬಳೆ, ಕುಂಕುಮದ ಸಣ್ಣ ಅಂಗಡಿ. ಈಗಲೂ ಇದೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆ, ಈ ದಿನಗಳ ವ್ಯಾಪಾರದಲ್ಲೇ ಉಳಿದ ದಿನ ಕಳೆಯಬೇಕು. ನಾನು ಕೊಪ್ಪಳದಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಹಿಟ್ನಾಳ, ಗಿಣಿಗೇರಿ ದಾಟಿ ಕೊಪ್ಪಳ. ನನಗೆ ವಿದ್ಯಾರ್ಥಿ ಪಾಸು ಇತ್ತು.

ಅಕ್ಕನಿಗೆ ಇರಲಿಲ್ಲ. ಅವಳು ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಮುಂದೆ ಓದಿಸಲು ಆಗಲಿಲ್ಲ, ಅವಳೂ ಹಟ ಮಾಡಲಿಲ್ಲ. ಕೊಪ್ಪಳದಲ್ಲಿ ಒಬ್ಬ ಬಾಯಿಯವರು ಮನೆಯಲ್ಲೇ ಹೊಲಿಗೆ ಕಲಿಸುತ್ತಿದ್ದರು. ಅದಕ್ಕೆ ಸೇರಿದಳು. ಅದು ಕಾಲೇಜಲ್ಲ, ಹಾಗಾಗಿ ಪಾಸು ಸಿಗುವುದಿಲ್ಲ. ಫೀ ಹೇಗೋ ಹೊಂದಿಸಿದ್ದರು. ದಿನಾ ಹೋಗಿ ಬರುವ ಟಿಕೆಟ್ ದುಡ್ಡು ಮಾತ್ರ ಹೊಂದಲಿಲ್ಲ. ಹತ್ತು ದಿನ ಆದ ಮೇಲೆ ಅವ್ವ, "ಸಾಕು ಬಿಡು, ಹಬ್ಬ ಆದಮ್ಯಾಲ ನೋಡೂಣು" ಅಂದಳು.

ಆಗ ಯೋಚನೆ ಹೊಳೆದದ್ದು ನನಗೆ. ನನ್ನ ಕಾಲೇಜು ಬೆಳಿಗ್ಗೆ. ಹನ್ನೆರಡೂಕಾಲಿಗೆ ನಾನು ಹುಲಿಗಿಯಲ್ಲಿ ಇಳಿದುಬಿಡುತ್ತಿದ್ದೆ. ಅಕ್ಕನ ಕ್ಲಾಸು ಎರಡು ಗಂಟೆಗೆ. ಮುಕ್ಕಾಲಿಗೆ ಒಂದು ಬಸ್ಸು. ಇಡೀ ಮಧ್ಯಾಹ್ನ ನನ್ನ ಪಾಸು ಮನೆಯಲ್ಲಿ ಸುಮ್ನೆ ಬಿದ್ದಿರುತ್ತದೆ. ಬಸ್ಸಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ತಾನೆ ಕೂರುವುದು? ಯಾರಿಗೆ ಏನು ನಷ್ಟ? ಹೀಗೆ ನನ್ನ ಲೆಕ್ಕ. ಅಕ್ಕ ಮೊದಲು ಬೇಡ ಅಂದಳು. ಎರಡನೇ ದಿನವೂ ಬೇಡ ಅಂದಳು. ಮೂರನೇ ದಿನ ನಾನು ಬಸ್ಸಿಳಿದು ಅವಳ ಕೈಗೆ ಪಾಸು ಇಟ್ಟು, ಮುಷ್ಟಿ ಮುಚ್ಚಿಸಿ ಬಂದೆ.

ಸುಮಾರು ಮೂರು ತಿಂಗಳು ನಡೆಯಿತು. ನಾನು ಇಳಿಯುವ ಹೊತ್ತಿಗೆ ಅವಳು ಬಸ್ ಸ್ಟಾಪಿನ ಬೇವಿನ ಗಿಡದ ಕೆಳಗೆ ನಿಂತಿರುತ್ತಿದ್ದಳು. ಪ್ಲಾಸ್ಟಿಕ್ ಕವರಿನ ಪಾಸು ನನ್ನ ಬ್ಯಾಗಿನಿಂದ ಅವಳ ಬ್ಯಾಗಿಗೆ ಹೋಗುತ್ತಿತ್ತು. ಅವಳು ನನಗೆ ಬುತ್ತಿ ಎಲ್ಲಿಟ್ಟಿದ್ದೇನೆ ಅಂತ ಹೇಳುತ್ತಿದ್ದಳು. ಮಧ್ಯಾಹ್ನದ ಬಸ್ಸಿಗೆ ಬೇರೆ ಕಂಡಕ್ಟರ್, ಅವರು ಬೆಳಿಗ್ಗೆ ನನ್ನನ್ನು ನೋಡಿದವರಲ್ಲ. "ಪಾಸ್" ಅಂತ ಕವರ್ ಎತ್ತಿ ತೋರಿಸಿದರೆ ಮುಂದೆ ಹೋಗುತ್ತಿದ್ದರು. ಮಂಗಳವಾರ, ಶುಕ್ರವಾರ ಗುಡಿಯ ಜನ ತುಂಬಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಪಾಸು ತೋರಿಸುವ ಮಾತೇ ಇಲ್ಲ. ನಾವಿಬ್ಬರೂ ನೋಡಲು ಒಂದೇ ಥರ. ಅದೇ ಹಣೆ, ಅದೇ ಗಲ್ಲ, ಎರಡು ಜಡೆ. ಒಂದೇ ಒಂದು ವ್ಯತ್ಯಾಸ. ಅಕ್ಕ ಮೂಗುಬಟ್ಟು ಹಾಕಿಸಿಕೊಂಡಿದ್ದಳು, ನನಗೆ ಮೂಗು ಚುಚ್ಚಿಸಿರಲಿಲ್ಲ.

ಸಿಕ್ಕಿಬಿದ್ದದ್ದು ಒಂದು ಬುಧವಾರ. ಬಸ್ಸು ಅರ್ಧ ಖಾಲಿ. ಗಿಣಿಗೇರಿಯಲ್ಲಿ ಚೆಕಿಂಗ್‌ನವರು ಇಬ್ಬರು ಹತ್ತಿದರು. ಒಬ್ಬರು ಹಿಂದಿನಿಂದ ಬಂದರು, ಒಬ್ಬರು ಮುಂದಿನಿಂದ. ಅಕ್ಕ ಕಿಟಕಿ ಪಕ್ಕ ಕೂತಿದ್ದಳು. ಪಾಸು ತೋರಿಸಿದಳು. ಅವರು ಕವರ್ ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

ನನ್ನ ಆ ಫೋಟೋ ಕೊಪ್ಪಳದ ಸ್ಟುಡಿಯೋದಲ್ಲಿ ತೆಗೆಸಿದ್ದು. ಆ ದಿನ ನಾನು ಅಕ್ಕನ ನೀಲಿ ಚೂಡಿದಾರ್ ಹಾಕಿಕೊಂಡು ಹೋಗಿದ್ದೆ, ಕತ್ತಿನ ಸುತ್ತ ಬಿಳಿ ಲೇಸ್ ಇದ್ದದ್ದು. ಫೋಟೋದ ಮೂಲೆಯ ಮೇಲೆ ಅರ್ಧ ಸೀಲು ಬಿದ್ದಿತ್ತು. ಆದರೂ ಲೇಸ್ ಚೆನ್ನಾಗಿ ಕಾಣುತ್ತಿತ್ತು. ಬುಧವಾರ ಅಕ್ಕ ಅದೇ ಚೂಡಿದಾರ್ ಹಾಕಿಕೊಂಡಿದ್ದಳು.

"ಅಂಗಿ ಅದೇ ಐತಿ, ಮಖ ಬ್ಯಾರೆ ಐತಲ್ಲವಾ" ಅಂದರಂತೆ ಅವರು. "ಫೋಟೋದಾಗ ಮೂಗುಬಟ್ಟು ಇಲ್ಲ. ಹೆಸರೇನು ನಿಂದು?"

ಅಕ್ಕ ತನ್ನ ಹೆಸರು ಹೇಳಿದಳು.

"ಇದರಾಗ ಬ್ಯಾರೆ ಹೆಸರೈತಿ."

"ನನ್ನ ತಂಗಿದ್ರಿ."

ಅವರು ಬಾಯಿ ಜೋರು ಮಾಡಲಿಲ್ಲ, ಅದನ್ನು ಅಕ್ಕ ಈಗಲೂ ಹೇಳುತ್ತಾಳೆ. ಪಾಸು ತಾವೇ ಇಟ್ಟುಕೊಂಡರು. ಹೆಸರು, ಊರು, ಅಪ್ಪನ ಹೆಸರು ಬರೆದುಕೊಂಡರು. ದಂಡ ಕಟ್ಟಲು ಅವಳ ಹತ್ತಿರ ಎಲ್ಲಿತ್ತು? ಪರ್ಸಿನಲ್ಲಿ ಇದ್ದದ್ದು ಹದಿನೈದು ರೂಪಾಯಿ. ನಾಳೆ ಅಪ್ಪನನ್ನು ಕಳಿಸು ಅಂದರು. ಮುಂದಿನ ಸೀಟಿನಲ್ಲಿ ಹುಲಿಗಿಯಿಂದ ವಾಪಸ್ ಹೊರಟ ಒಬ್ಬ ಆಯಿ ಕೂತಿದ್ದರಂತೆ. ಹಣೆ ತುಂಬ ಕುಂಕುಮ, ತೊಡೆಯ ಮೇಲೆ ಒಡೆದ ಕಾಯಿಯ ಗಂಟು. ಅವರು ಒಂದು ಮಾತನ್ನೂ ಕೇಳದೆ ಕಂಡಕ್ಟರ್ ಕೈಗೆ ದುಡ್ಡು ಕೊಟ್ಟು, "ಈ ಹುಡುಗಿಗೆ ಕೊಪ್ಪಳಕ್ಕ ಒಂದು ಕೊಡು" ಅಂದರು. ಆಮೇಲೆ ಗಂಟು ಬಿಚ್ಚಿ ಒಂದು ಹೋಳು ಕೊಬ್ಬರಿ ಅಕ್ಕನ ಕೈಗೆ ಇಟ್ಟರು.

ಅಕ್ಕ ಅವತ್ತು ಕ್ಲಾಸ್ ತಪ್ಪಿಸಲಿಲ್ಲ. ಅದು ಅವಳ ಸ್ವಭಾವ. ಕುಬಸದ ಕೈ ಕತ್ತರಿಸುವುದನ್ನು ಕಲಿಸುವ ದಿನ ಅದು, ಹೋಗಿ ಕಲಿತಳು. ಸಂಜೆ ತನ್ನ ಹದಿನೈದು ರೂಪಾಯಿಯಲ್ಲಿ ಟಿಕೆಟ್ ತೆಗೆದುಕೊಂಡು ಮನೆಗೆ ಬಂದಳು. ಬಂದವಳೇ ಕೈಕಾಲು ತೊಳೆದು ದೀಪ ಹಚ್ಚಿ, ಆಮೇಲೆ ಅಪ್ಪನ ಮುಂದೆ ಕೂತು ಎಲ್ಲ ಹೇಳಿದಳು. ಪಾಸು ನಾನೇ ಕೇಳಿ ತಗೊಂಡೆ ಅಂತ ಹೇಳಿದಳು. ಅದು ಸುಳ್ಳು. ನಾನು ಒಲೆಯ ಹತ್ತಿರ ಕೂತಿದ್ದೆ. ಇಲ್ಲ ಅಪ್ಪ, ನಾನೇ ಒತ್ತಾಯ ಮಾಡಿ ಕೊಟ್ಟಿದ್ದು ಅಂತ ಹೇಳಲು ನನಗೆ ಊಟದ ಹೊತ್ತಿನವರೆಗೆ ಬೇಕಾಯಿತು. ಅಪ್ಪ ಬೈಯಲಿಲ್ಲ. ತಟ್ಟೆಯ ಮೇಲಿನ ರೊಟ್ಟಿ ಮುರಿಯುತ್ತಾ, "ಪಾಸು ನಿಂದು. ಕೊಟ್ಟಾಕಿ ನೀನು. ಬೈಸಿಕೊಂಡಾಕಿ ಅಕ್ಕ" ಅಂದರು. ಅಷ್ಟೇ.

ಮರುದಿನ ಅಪ್ಪ ಅಂಗಡಿ ಮುಚ್ಚಿ ಹೋಗಿ ದಂಡ ಕಟ್ಟಿ ಬಂದರು. ಪಾಸು ವಾಪಸ್ ಬರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ನಾನು ಟಿಕೆಟ್ ತೆಗೆದುಕೊಂಡೇ ಓಡಾಡಿದೆ. ಮನೆಯಲ್ಲಿ ಇಬ್ಬರ ಟಿಕೆಟ್ಟಿಗೆ ದುಡ್ಡು ಇರಲಿಲ್ಲ. ಒಬ್ಬರದು ನಿಲ್ಲಬೇಕು. ಯಾರದು ನಿಂತಿತು ಅಂತ ಹೇಳಬೇಕಿಲ್ಲ. ಕುಬಸ ಕಲಿತಿದ್ದಳು, ಚೂಡಿದಾರ್ ಕಲಿಯುವುದು ಬಾಕಿ ಉಳಿಯಿತು. ಮುಂದೆ ಮದುವೆ ಆಗಿ ಮುನಿರಾಬಾದಿಗೆ ಹೋದ ಮೇಲೆ, ಪಕ್ಕದ ಮನೆಯವರ ಮಷಿನ್ ಮೇಲೆ ತಾನೇ ಬಿಚ್ಚಿ ಹೊಲಿದು ಕಲಿತಳು. ಈಗ ಅವಳ ಹತ್ತಿರ ಎರಡು ಮಷಿನ್ ಇವೆ. ದಸರಾ, ದೀಪಾವಳಿ ಬಂತೆಂದರೆ ರಾತ್ರಿ ಹನ್ನೆರಡರವರೆಗೆ ಹೊಲಿಗೆ.

ಒಮ್ಮೆ, ತುಂಬ ವರ್ಷ ಆದ ಮೇಲೆ, ನಾನು ಕೇಳಿದೆ. ನನ್ನ ಹೆಸರು ಹೇಳಿಬಿಟ್ಟಿದ್ದರೆ ಬಿಡುತ್ತಿದ್ದರೇನೋ, ಯಾಕೆ ಹೇಳಲಿಲ್ಲ? ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನನಗೂ ಒಂದು ಹೆಸರೈತಲ್ಲ ತಂಗಿ" ಅಂದಳು.

ನಾನು ಈಗ ಕೊಪ್ಪಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಶಾಲೆ ಶುರುವಾದ ಕೂಡಲೇ ಮಕ್ಕಳು ಪಾಸಿನ ಅರ್ಜಿ ಹಿಡಿದು ಬರುತ್ತಾರೆ. ಈಗ ಎಲ್ಲ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಎಷ್ಟೋ ಸಲ ಮಕ್ಕಳು ಕೇಳುತ್ತಾರೆ, "ಟೀಚರ್, ನಾ ಬರದ ದಿನ ನಮ್ಮಣ್ಣ ಒಯ್ದರ ಏನಾಕ್ಕತ್ರಿ?" ನಾನು 2007ರಲ್ಲಿ ಹಾಕಿದ ಲೆಕ್ಕವನ್ನೇ ಅವರೂ ಹಾಕುತ್ತಾರೆ. ಅವರನ್ನು ಕೂರಿಸಿ ಹೇಳುತ್ತೇನೆ. ನೀವು ಕಟ್ಟುವುದು ಬಸ್ಸಿನ ಪೂರ್ತಿ ದುಡ್ಡಲ್ಲ. ಬಹುಪಾಲು ಸರ್ಕಾರ ಮತ್ತು ಸಾರಿಗೆ ಸಂಸ್ಥೆ ಹೊರುತ್ತವೆ. ಅದು ಒಬ್ಬ ಹುಡುಗ ಮನೆಯಿಂದ ಶಾಲೆಗೆ ಹೋಗಿ ಬರಲಿ ಅಂತ, ಆ ಒಂದು ದಾರಿಗೆ ಕೊಟ್ಟದ್ದು. ಅಣ್ಣ ಅದೇ ಬಸ್ಸು ಹತ್ತಿದರೆ ಅವನ ಟಿಕೆಟ್ ದುಡ್ಡು ಬರಬೇಕಿತ್ತು, ಬರಲಿಲ್ಲ. ನಷ್ಟ ಆಯಿತಲ್ಲ? ಮತ್ತೆ ಸಿಕ್ಕಿಬಿದ್ದರೆ ನಾಳೆಯಿಂದ ಶಾಲೆಗೆ ಬರುವ ದಾರಿ ಮುಚ್ಚಿಹೋಗುವುದು ನಿನಗೆ. ಅಕ್ಕನ ಕಥೆ ಮಾತ್ರ ಹೇಳುತ್ತಿರಲಿಲ್ಲ. ಇನ್ನು ಮೇಲೆ ಹೇಳುತ್ತೇನೆ.

ಹುಡುಗಿಯರಿಗೆ ಈಗ ಆ ಚಿಂತೆ ಕಡಿಮೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಕರ್ನಾಟಕದ ಒಳಗೆ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಇಲ್ಲಿನ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಯೋಜನೆ ಬಂದ ವಾರವೇ ಅಕ್ಕ ಗಂಗಾವತಿಗೆ ಹೋಗಿ ಬಂದಳು. ಕೆಲಸ ಇತ್ತೋ ಇಲ್ಲವೋ, ನಾನು ಕೇಳಲಿಲ್ಲ. ಆ ಮೊದಲ ಟಿಕೆಟ್ ಅವಳ ಅಳತೆ ಪುಸ್ತಕದಲ್ಲಿ ಇನ್ನೂ ಇದೆ, ಅಕ್ಷರ ಅಳಿಸಿಹೋಗಿ ಬರೀ ಬಿಳಿ ಕಾಗದ ಆಗಿದೆ. ತೋರಿಸಿದ್ದು ಅವಳದೇ ಆಧಾರ್. ಅದರ ಫೋಟೋದಲ್ಲಿ ಮೂಗುಬಟ್ಟು ಚೆನ್ನಾಗಿ ಕಾಣುತ್ತದೆ. ಅಂದು ಕ್ಲಾಸು ಬಿಡಿಸಿದ್ದು ಟಿಕೆಟ್ ದುಡ್ಡು. ಆ ಟಿಕೆಟ್ 2007ರಲ್ಲಿ ಇದ್ದಿದ್ದರೆ ಅಂತ ನನಗೆ ಎಷ್ಟು ಸಲ ಅನ್ನಿಸಿದೆಯೋ ಲೆಕ್ಕ ಇಲ್ಲ.

ಇನ್ನು ಮೆಟ್ರೋ ಕಾರ್ಡಿನ ವಿಷಯ.

2024ರಲ್ಲಿ ತಮ್ಮನ ಮಗಳ ತೊಟ್ಟಿಲ ಕಾರ್ಯ ಇತ್ತು. ಅವನ ಮನೆ ಬೆಂಗಳೂರಿನ ಅತ್ತಿಗುಪ್ಪೆಯಲ್ಲಿ. ಅಪ್ಪ ಅವ್ವ ಇಬ್ಬರಿಗೂ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಮಾಡಿಸಿದ್ದೆ. ಆಮೇಲೆ ನೋಡಿದರೆ ಆ ದಿನಕ್ಕೇ ಹುಣ್ಣಿಮೆ. ಹುಣ್ಣಿಮೆಗೆ ಅಂಗಡಿ ಬಿಟ್ಟು ಅಪ್ಪ ಎಲ್ಲಿಗೂ ಬರುವುದಿಲ್ಲ, ಮೊಮ್ಮಗಳ ಕಾರ್ಯ ಆದರೂ ಸರಿ. ಅವ್ವನನ್ನು ಒಬ್ಬಳೇ ಕಳಿಸಲು ಆಗುವುದಿಲ್ಲ. ನನಗೆ ಶಾಲೆ. ಉಳಿದವಳು ಅಕ್ಕ.

ಬೇರೆ ಸೀಟು ಸಿಗಲಿಲ್ಲ. ಆಗ ನಮ್ಮ ಮನೆಯವರು ಒಂದು ದಾರಿ ಹೇಳಿದರು. ಅವರು ದಿನಾ ಗದಗಕ್ಕೆ ಸೀಸನ್ ಟಿಕೆಟ್ ಮೇಲೆ ಓಡಾಡುವವರು, ರೈಲಿನ ಕಾನೂನು ಅವರಿಗೆ ಬಾಯಿಪಾಠ. ಸೀಸನ್ ಟಿಕೆಟ್ ಹೆಂಡತಿಗೂ ಕೊಡುವ ಹಾಗಿಲ್ಲ, ಅದು ಹೆಸರಿದ್ದವರಿಗೆ ಮಾತ್ರ. 1989ರ ರೈಲ್ವೆ ಕಾಯ್ದೆಯ 53ನೇ ಕಲಮೇ ಅದಕ್ಕೆ ಇದೆ. ಆದರೆ ಕನ್ಫರ್ಮ್ ಆದ ರಿಸರ್ವೇಷನ್ ಟಿಕೆಟ್ಟನ್ನು ಮನೆಯವರ ಹೆಸರಿಗೆ ಬದಲಾಯಿಸಬಹುದು. ಅಪ್ಪ, ಅವ್ವ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು, ಗಂಡ, ಹೆಂಡತಿ, ಇಷ್ಟು ಜನರ ಒಳಗೆ. ರೈಲು ಹೊರಡುವ 24 ಗಂಟೆ ಮೊದಲು ಕೌಂಟರಿಗೆ ಅರ್ಜಿ ಕೊಡಬೇಕು, ಒಂದೇ ಸಲ ಮಾಡಿಕೊಡುತ್ತಾರೆ. ನಾನು ಟಿಕೆಟ್ ಪ್ರಿಂಟು, ಅಪ್ಪನ ಆಧಾರ್, ಅಕ್ಕನ ಆಧಾರ್ ಹಿಡಿದುಕೊಂಡು ಕೊಪ್ಪಳ ಸ್ಟೇಷನ್ನಿಗೆ ಹೋದೆ. ಅಪ್ಪನ ಸೀಟು ಅಕ್ಕನ ಹೆಸರಿಗೆ ಆಯಿತು. ಹೊಸ ಹೆಸರು ಬರೆದ ಆ ಕಾಗದ ನೋಡಿ ನನಗೆ ಎಷ್ಟು ಹಗುರ ಆಯಿತು ಅಂದರೆ, ಹೊರಗೆ ಬಂದು ಒಂದು ಚಹಾ ಕುಡಿದು ಹೋದೆ. ಹೀಗೂ ಒಂದು ಹಂಚಿಕೊಳ್ಳುವ ದಾರಿ ಇರುತ್ತದೆ ಅಂತ ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ.

ತಮ್ಮನಿಗೆ ಅವತ್ತು ಬೆಳಗಿನ ಶಿಫ್ಟ್, ಸ್ಟೇಷನ್ನಿಗೆ ಬರಲು ಆಗುವುದಿಲ್ಲ ಅಂದಿದ್ದ. ರೈಲಿಳಿದು ಪಕ್ಕದಲ್ಲೇ ಮೆಟ್ರೋ ಹತ್ತಿ, ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರ ದಾಟಿದರೆ ಅತ್ತಿಗುಪ್ಪೆ. ಒಂದೇ ಗಾಡಿ, ಬದಲಾಯಿಸಬೇಕಿಲ್ಲ. ಚಲ್ಲಘಟ್ಟದ ಕಡೆ ಹೋಗುವುದು ಹತ್ತಿ ಅಂತ ಅಕ್ಕನಿಗೆ ಬರೆದುಕೊಟ್ಟೆ. ಡಬ್ಬಿಯಿಂದ ಕಾರ್ಡ್ ತೆಗೆದು ಕೊಟ್ಟೆ. "ಇದರಾಗ ಇನ್ನೂರರ ಮ್ಯಾಲ ಐತಿ, ಇಬ್ಬರಿಗೂ ಆಕ್ಕತಿ" ಅಂದೆ.

ಇಬ್ಬರಿಗೂ ಆಗುವುದಿಲ್ಲ. ಒಟ್ಟಿಗೆ ಆಗುವುದಿಲ್ಲ. ಅದನ್ನು ನಾನು ಹೇಳಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ. ನಾನು ಯಾವತ್ತೂ ಒಬ್ಬಳೇ ಹೋದವಳು.

ಅಕ್ಕ ಹೇಳಿದಂತೆ ಬರೆಯುತ್ತೇನೆ. ಬ್ಯಾಗುಗಳನ್ನು ಸ್ಕ್ಯಾನರ್‌ಗೆ ಹಾಕಿದ್ದಾಯಿತು. ಕಟಕ ರೊಟ್ಟಿಯ ಗಂಟು, ಗುರೆಳ್ಳು ಚಟ್ನಿ, ಕರ್ಚಿಕಾಯಿ ಡಬ್ಬಿ, ಕೂಸಿಗೆ ಅವಳೇ ಹೊಲಿದ ಕುಂಚಿಗೆ, ಎಲ್ಲ ಆ ಕಡೆ ಬಂದವು. ಗೇಟಿನ ಹತ್ತಿರ ಅವ್ವನನ್ನು ಮುಂದೆ ಬಿಟ್ಟಳು. ಕಾರ್ಡ್ ಮುಟ್ಟಿಸಿದಳು, ಎರಡು ರೆಕ್ಕೆ ತೆರೆದವು, ಅವ್ವ ಒಳಗೆ ಹೋದಳು. ಈಗ ತನ್ನ ಸರದಿ. ಅದೇ ಕಾರ್ಡ್ ಮತ್ತೆ ಮುಟ್ಟಿಸಿದಳು. ಗೇಟು ತೆರೆಯಲಿಲ್ಲ. ಕೆಂಪು ಗುರುತು ಬಂತು. ಮತ್ತೆ ಮುಟ್ಟಿಸಿದಳು, ಮತ್ತೆ ಕೆಂಪು. ಹಿಂದೆ ಸಾಲು ಬೆಳೆಯಿತು. ಯಾರೋ ಮೇಡಂ, ಮೇಡಂ ಅಂದರು. ಒಳಗೆ ಅವ್ವ ರೊಟ್ಟಿ ಗಂಟು ಎದೆಗೆ ಒತ್ತಿಕೊಂಡು ನಿಂತಿದ್ದಾಳೆ, ಕಾರ್ಡ್ ಹೊರಗೆ ಅಕ್ಕನ ಕೈಯಲ್ಲಿದೆ.

ಆಗ ಯೂನಿಫಾರ್ಮ್ ಹಾಕಿದ ಒಬ್ಬ ಹೆಣ್ಣುಮಗಳು ಅಕ್ಕನ ಕಡೆ ನಡೆದು ಬಂದಳು. ಬಂದು ಕಾರ್ಡಿಗೆ ಕೈ ಚಾಚಿದಳು.

"ನನಗ ಗಿಣಿಗೇರಿ ನೆನಪಾತು" ಅಂತ ಅಕ್ಕ ಫೋನಿನಲ್ಲಿ ಹೇಳಿದಳು. "ಕಾರ್ಡ್ ಕಸಗೋತಾರ, ಹೆಸರು ಕೇಳ್ತಾರ ಅನ್ಕೊಂಡೆ. ನನ್ನ ಕಾಲು ನಡುಗಾಕ ಹತ್ತಿದ್ವು. ಅಕಿ ಕೇಳೂಕಿಂತ ಮೊದಲ ನಾನಾ ಅಂದೆ, ಇದು ನನ್ನ ತಂಗಿದ್ರಿ ಅಂತ."

ಹದಿನೇಳು ವರ್ಷ ಆಗಿತ್ತು. ನಾನು ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತಿದೆ.

ಆ ಹುಡುಗಿ ನಕ್ಕಳಂತೆ. "ಯಾರದಾದ್ರೂ ಪರವಾಗಿಲ್ಲ ಅಕ್ಕ, ತಪ್ಪೇನಿಲ್ಲ. ಒಂದು ಸಲಕ್ಕೆ ಒಬ್ರೇ ಹೋಗ್ಬೇಕು, ಅಷ್ಟೇ" ಅಂದಳು. ಗೇಟಿನ ಮೇಲಿಂದ ಕಾರ್ಡನ್ನು ಅವ್ವನ ಕೈಗೆ ಕೊಡಿಸಿದಳು, ಹೊರಗೆ ಬರುವಾಗ ಅವ್ವನಿಗೆ ಅದೇ ಬೇಕಲ್ಲ. ಅಕ್ಕನನ್ನು ಕೌಂಟರಿಗೆ ಕರೆದೊಯ್ದು ಅತ್ತಿಗುಪ್ಪೆಗೆ ಒಂದು ಟೋಕನ್ ಕೊಡಿಸಿದಳು. ಹೋಗುವಾಗ ಇದನ್ನು ಮುಟ್ಟಿಸಿ, ಇಳಿದ ಮೇಲೆ ಗೇಟಿನ ಸಂದಿಯಲ್ಲಿ ಹಾಕಿಬಿಡಿ ಅಂತ ಹೇಳಿಕೊಟ್ಟಳು. ಅವ್ವ ಒಳಗಿನಿಂದ ಅವಳಿಗೆ ಒಂದು ಕರ್ಚಿಕಾಯಿ ಕೊಡಲು ಡಬ್ಬಿ ಬಿಚ್ಚುತ್ತಿದ್ದಳಂತೆ, ಅಷ್ಟರಲ್ಲಿ ಅವಳು ಬೇರೆಯವರ ಕಡೆ ಹೋಗಿಬಿಟ್ಟಳು.

ಆಮೇಲೆ ತಮ್ಮನನ್ನು ಕೇಳಿ ಸರಿಯಾಗಿ ತಿಳಿದುಕೊಂಡೆ. ಒಳಗೆ ಹೋಗುವಾಗ ಯಾವ ಸ್ಟೇಷನ್ ಅಂತ ಕಾರ್ಡಿನಲ್ಲಿ ದಾಖಲಾಗುತ್ತದೆ. ಹೊರಗೆ ಬರುವಾಗ ಅದನ್ನು ನೋಡಿ ದುಡ್ಡು ಕಡಿತವಾಗುತ್ತದೆ. ಒಮ್ಮೆ ಒಳಗೆ ಹೋದ ಕಾರ್ಡು ಹೊರಗೆ ಬರುವವರೆಗೆ ಇನ್ನೊಬ್ಬರನ್ನು ಒಳಗೆ ಬಿಡುವುದಿಲ್ಲ. ದುಡ್ಡು ಸಾವಿರ ಇದ್ದರೂ ಅಷ್ಟೇ. ಅದಕ್ಕೇ ಅಣ್ಣ ಇವತ್ತು, ತಂಗಿ ನಾಳೆ ಒಯ್ಯಬಹುದು, ಇಬ್ಬರೂ ಕೈ ಹಿಡಿದುಕೊಂಡು ಒಟ್ಟಿಗೆ ಹೋಗಲಾಗದು. ಒಟ್ಟಿಗೆ ಹೋಗುವವರಿಗೆ ಮೊಬೈಲಿನ ಕ್ಯೂಆರ್ ಟಿಕೆಟ್ ಇದೆ. 2023ರ ನವೆಂಬರ್‌ನಿಂದ ಒಂದೇ ಕ್ಯೂಆರ್‌ನಲ್ಲಿ ಆರು ಜನರವರೆಗೆ ಹೋಗಬಹುದು. ಅದನ್ನು ತಮ್ಮ ಮನೆಯಿಂದಲೇ ತೆಗೆದು ವಾಟ್ಸಾಪ್ ಮಾಡಿದ್ದರೆ ಅವ್ವ, ಅಕ್ಕ ಇಬ್ಬರೂ ಹಾಯಾಗಿ ಹೋಗುತ್ತಿದ್ದರು. ಕೂಸಿನ ಗಡಿಬಿಡಿಯಲ್ಲಿ ಅವನಿಗೂ ಹೊಳೆಯಲಿಲ್ಲ.

ಅವತ್ತಿನಿಂದ ಕಾರ್ಡ್ ಕೊಡುವಾಗ ನಾನು ಎಲ್ಲರಿಗೂ ನಿಲ್ಲಿಸಿ ಹೇಳುತ್ತೇನೆ. ಅದು ಹೆಸರಿಲ್ಲದ ಕಾರ್ಡು, ಯಾರು ಒಯ್ದರೂ ತಪ್ಪಿಲ್ಲ. ಓಡಾಡಿದಷ್ಟು ದುಡ್ಡು ಹೋಗುತ್ತದೆ, ಯಾರಿಗೂ ನಷ್ಟ ಇಲ್ಲ. ಆದರೆ ಒಬ್ಬರಿಗೆ ಒಂದು. ಕಳೆದರೆ ದುಡ್ಡು ಕಳೆದಂತೆ, ಜೋಪಾನ. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಕಾರ್ಡಿನಲ್ಲಿ ಕಡಿಮೆ ಅಂದರೂ 90 ರೂಪಾಯಿ ಇರಬೇಕು, ಹಿಂದೆ 50 ಇದ್ದರೆ ಸಾಕಿತ್ತು. ಅದಕ್ಕೇ ಡಬ್ಬಿಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ. ಒಯ್ದವರ ಹೆಸರು, ತಾರೀಖು, ತಂದಾಗ ಎಷ್ಟು ಉಳಿದಿತ್ತು, ಇಷ್ಟು ಬರೆಯಬೇಕು. ತಮ್ಮ ಹೊಸದಾಗಿ ಬ್ಯಾಂಕಿನ ಎನ್‌ಸಿಎಂಸಿ ಕಾರ್ಡ್, ಅಂದರೆ ಬೇರೆ ಬೇರೆ ಊರಿನ ಸಾರಿಗೆಗೆಲ್ಲ ಒಂದೇ ಅಂತ ಮಾಡಿದ ಕಾರ್ಡ್, ಮಾಡಿಸಿಕೊಂಡಿದ್ದಾನೆ, ಅದೇ ಮೆಟ್ರೋಗೂ ನಡೆಯುತ್ತದೆ. ಆದರೆ ಅದು ಅವನ ಮೊಬೈಲ್ ನಂಬರಿಗೆ ಜೋಡಿಸಿದ್ದು. ಅಂಥದ್ದನ್ನು ಓಣಿ ತುಂಬ ತಿರುಗಿಸುವುದು ನನಗೆ ಸರಿ ಕಾಣುವುದಿಲ್ಲ. ನಮಗೆ ನಮ್ಮ ಹಳೆಯ ಕಾರ್ಡೇ ಸಾಕು.

ಹಾಂ, ಅಕ್ಕನ ಫೋನ್. ಕಾರ್ಡ್ ಡಬ್ಬಿಯಲ್ಲೇ ಇತ್ತು. ಯಾರು ಹೋಗುವವರು ಅಂತ ಕೇಳಿದೆ.

"ನಾನಾ" ಅಂದಳು. "ಚಿಕ್ಕಪೇಟೆಗೆ. ಲೈನಿಂಗ್ ಬಟ್ಟಿ, ಲೇಸು ಅಲ್ಲೇ ಭಾಳ ಅಗ್ಗ ಅಂತಾರ. ಒಬ್ಬಾಕೇನಾ ಹೊಂಟೀನಿ."

ಮಂಗಳವಾರ ಶಾಲೆ ಬಿಟ್ಟ ಮೇಲೆ ಹುಲಿಗಿಗೆ ಹೋದೆ. ಅಕ್ಕ ಅಪ್ಪನ ಅಂಗಡಿಗೆ ಬಂದಿದ್ದಳು. ಜಾತ್ರೆಯಂತೆ ಜನ. ಅಂಗಡಿಯ ಗದ್ದಲದಲ್ಲಿ ಕೊಡುವುದು ಬೇಡ ಅಂತ ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದೆವು. ಆ ಬೇವಿನ ಗಿಡ ಈಗ ಇಲ್ಲ, ಅಲ್ಲಿ ಒಂದು ಎಳನೀರಿನ ಗಾಡಿ ನಿಂತಿರುತ್ತದೆ. ನಾನು ಬ್ಯಾಗಿನಿಂದ ಕಾರ್ಡ್ ತೆಗೆದೆ. ಅವಳು ತೆಗೆದುಕೊಂಡು ಎರಡೂ ಕಡೆ ತಿರುಗಿಸಿ ನೋಡಿದಳು, ಪರ್ಸಿನ ಒಳಗಿನ ಖಾನೆಗೆ ಹಾಕಿ ಜಿಪ್ ಎಳೆದಳು. "ಎಷ್ಟೈತಿ?" ಅಂದಳು. ಮುನ್ನೂರ ಹತ್ತು ಅಂದೆ.

ಹೋಗಿ ಬಂದಳು. ಎರಡು ದೊಡ್ಡ ಬ್ಯಾಗು ತುಂಬ ಲೈನಿಂಗ್ ಬಟ್ಟೆ ತಂದಳು. ಹೋದ ಭಾನುವಾರ ಅವಳ ಮಗ ಕಾರ್ಡನ್ನು ನಮ್ಮ ಮನೆಗೆ ತಂದುಕೊಟ್ಟ. ಜೊತೆಗೆ ಅಳತೆ ಪುಸ್ತಕದಿಂದ ಹರಿದ ಒಂದು ಸಣ್ಣ ಹಾಳೆ, ಡಬ್ಬಿಯ ಚೀಟಿಗೆ ಅಂಟಿಸು ಅಂತ. ಒಯ್ದ ತಾರೀಖು, ತಂದ ತಾರೀಖು. ಅವಳ ಹೆಸರು, ಇನಿಷಿಯಲ್ ಸಮೇತ ಪೂರ್ತಿ. ಅದರ ಕೆಳಗೆ, ಕುಬಸದ ಅಳತೆ ಬರೆಯುವ ಅದೇ ದುಂಡು ಅಕ್ಷರದಲ್ಲಿ: "410 ಐತಿ. 200 ನಾ ಹಾಕ್ಸೀನಿ."